ಚಳಿಗಾಲವಿಡೀ ಒಂದೇ ಮರದಲ್ಲಿ ಕೂಗುವ ಪುಟ್ಟ ಉಲಿಯಕ್ಕಿ ಯಾರನ್ನು ಕರೆಯುತ್ತಿದೆ?

ಪ್ರಶ್ನೆ — ನೇರಳೆಮರ

ನಮಸ್ಕಾರ. ಮನೆಯ ಹಿಂದೆ ಎರಡು ಹಲಸಿನ ಮರಗಳೂ ಅವುಗಳಿಗೆ ರೆಂಬೆ ತಾಗಿಸಿಕೊಂಡು ಬೆಳೆದ ಒಂದು ನೇರಳೆ ಮರವೂ ಇವೆ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ ಈ ಮೂರು ಮರಗಳಲ್ಲಿ ಒಂದು ಸಣ್ಣ ಹಕ್ಕಿಯ ದನಿ ಕೇಳಲು ಶುರುವಾಗುತ್ತದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಅದು ನಿಂತುಹೋಗುತ್ತದೆ. ಹಕ್ಕಿ ಗುಬ್ಬಚ್ಚಿಗಿಂತ ಬಹಳ ಚಿಕ್ಕದು. ಬೆನ್ನು ಹಸಿರು ಬೆರೆತ ಬೂದು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ಹುಬ್ಬು ತಿದ್ದಿದ ಹಾಗೆ ಒಂದು ಉದ್ದನೆಯ ತಿಳಿಗೆರೆ. ಅದು ಒಂದು ಎಲೆಯ ಬಳಿ ಅರೆಗಳಿಗೆಯೂ ನಿಲ್ಲುವುದಿಲ್ಲವಾದ್ದರಿಂದ ದುರ್ಬೀನು ಹಿಡಿದು ನಿಂತರೆ ಕತ್ತು ನೋಯುತ್ತದೆಯೇ ಹೊರತು ಇದಕ್ಕಿಂತ ಹೆಚ್ಚಿನ ವಿವರ ಸಿಕ್ಕುವುದಿಲ್ಲ. ಕೂಗು ಮಾತ್ರ ಸ್ಪಷ್ಟವಾಗಿದೆ: ‘ಚೀ-ಸ್ವೀ’ ಎಂದು ಎರಡು ತುಂಡಾಗಿ, ಚುರುಕಾಗಿ ಕೂಗುತ್ತದೆ.

ಇದು ಯಾವ ಹಕ್ಕಿ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿರುವುದು. ಹಕ್ಕಿಗಳು ಜೋಡಿಯನ್ನು ಕರೆಯಲು ಕೂಗುತ್ತವೆ ಎಂದು ಓದಿದ್ದೇನೆ. ಆದರೆ ಇದು ಗೂಡು ಕಟ್ಟುವುದನ್ನಾಗಲಿ, ಮರಿಗೆ ಗುಟುಕು ಕೊಡುವುದನ್ನಾಗಲಿ ನಾನು ಒಮ್ಮೆಯೂ ನೋಡಿಲ್ಲ. ಯಾವಾಗ ನೋಡಿದರೂ ಒಂಟಿಯಾಗಿಯೇ ಇರುತ್ತದೆ. ಹಾಗಿದ್ದ ಮೇಲೆ ಏಳು ತಿಂಗಳ ಕಾಲ ಅದು ಯಾರಿಗಾಗಿ ಕೂಗುತ್ತದೆ? ಹಾಗೆಯೇ, ಪ್ರತಿ ವರ್ಷವೂ ಅದೇ ಮರಗಳಿಗೆ ಬರುವುದು ಅದೇ ಹಕ್ಕಿಯೇ? ಎಂಟು ವರ್ಷಗಳಿಂದ ನಾನು ಹಾಗೆಂದೇ ನಂಬಿಕೊಂಡು ಬಂದಿದ್ದೇನೆ.


ಉತ್ತರ — ಎಲೆಮರೆ

ತಾವು ಕೊಟ್ಟಿರುವ ವಿವರದಿಂದ, ಅದರಲ್ಲಿಯೂ ಕೂಗಿನಿಂದ, ಇದು ಗ್ರೀನಿಷ್ ವಾರ್ಬ್ಲರ್ ಎಂದು ಹೇಳಬಹುದು. ಕನ್ನಡದಲ್ಲಿ ವಾರ್ಬ್ಲರ್‌ಗಳನ್ನು ಉಲಿಯಕ್ಕಿಗಳೆಂದು ಕರೆಯುವ ರೂಢಿಯಿದೆ. ಎಲೆಗಳ ನಡುವೆಯೇ ಬದುಕುವ ಈ ಗುಂಪಿಗೆ ಎಲೆ ಉಲಿಯಕ್ಕಿ ಎಂಬ ಹೆಸರು ಒಪ್ಪುತ್ತದೆ. ಇದರ ಕುಲದ ವೈಜ್ಞಾನಿಕ ಹೆಸರು ಫಿಲ್ಲೊಸ್ಕೋಪಸ್, ಅಂದರೆ ಎಲೆಯನ್ನು ಪರೀಕ್ಷಿಸುವವನು. ಹಕ್ಕಿಗಳ ವೈಜ್ಞಾನಿಕ ಹೆಸರುಗಳಲ್ಲಿ ಇಷ್ಟು ನೇರವಾಗಿ ಹಕ್ಕಿಯ ಕಸುಬನ್ನೇ ಹೇಳುವವು ವಿರಳ. ಉದ್ದ ಸುಮಾರು 10 ಸೆಂಟಿಮೀಟರ್, ತೂಕ 7ರಿಂದ 8 ಗ್ರಾಂ. ಹತ್ತು ರೂಪಾಯಿಯ ಒಂದು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡರೆ ಹೆಚ್ಚುಕಡಿಮೆ ಅಷ್ಟೇ ಭಾರ. ರೆಕ್ಕೆಯ ಮೇಲೆ ಒಂದು ತೆಳುವಾದ ತಿಳಿಪಟ್ಟಿ ಇರುತ್ತದೆ. ಗರಿ ಸವೆದಂತೆ ಅದು ಅಳಿಸಿಹೋಗುವುದರಿಂದ ಪಟ್ಟಿ ಕಾಣಲಿಲ್ಲವೆಂದು ಬೇರೆ ಹಕ್ಕಿ ಎಂದುಕೊಳ್ಳಬೇಕಾಗಿಲ್ಲ. ಈ ಗುಂಪಿನಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬುವುದು ಕ್ಷೇಮ.

ಇನ್ನು ಕೂಗಿನ ವಿಷಯ. ಹಾಡು ಮತ್ತು ಕೂಗು ಎರಡೂ ಬೇರೆ ಬೇರೆ. ಹಾಡು ಮುಖ್ಯವಾಗಿ ಸಂತಾನದ ಕಾಲದಲ್ಲಿ ಗಂಡು ಹಾಡುವಂಥದ್ದು, ಉದ್ದವಾದದ್ದು, ಏರಿಳಿತವುಳ್ಳದ್ದು. ತಾವು ಕೇಳುತ್ತಿರುವ ‘ಚೀ-ಸ್ವೀ’ ಹಾಡಲ್ಲ, ಕೂಗು; ಅದನ್ನು ಗಂಡೂ ಹೆಣ್ಣೂ ಒಂದೇ ರೀತಿಯಲ್ಲಿ ಕೂಗುತ್ತವೆ. ಚಳಿಗಾಲದಲ್ಲಿ ಅದರ ಅರ್ಥ ‘ಬಾ’ ಎಂದಲ್ಲ, ‘ಇಲ್ಲಿಗೆ ಬರಬೇಡ’ ಎಂದು. ಈ ಉಲಿಯಕ್ಕಿಗಳು ಚಳಿಗಾಲ ಕಳೆಯುವ ಕಾಡಿನಲ್ಲಿಯೂ ತೋಟದಲ್ಲಿಯೂ ಪ್ರತಿಯೊಂದು ಹಕ್ಕಿಯೂ ತನ್ನದೇ ಆದ ಕೆಲವು ಮರಗಳನ್ನು ಗಡಿ ಹಾಕಿಕೊಂಡು ಕಾಯುತ್ತದೆ. ಗಂಡಿಗೆ ಒಂದು ಗಡಿ, ಹೆಣ್ಣಿಗೆ ಇನ್ನೊಂದು. ಬೇಸಿಗೆಯಲ್ಲಿ ಒಟ್ಟಿಗೆ ಮರಿ ಸಾಕಿದವಾದರೂ ಇಲ್ಲಿ ಪರಸ್ಪರ ಎದುರಾದರೆ ಓಡಿಸಾಟವೇ ಗತಿ. ಬಂದ ಹೊಸತರಲ್ಲಿ, ಅಂದರೆ ಗಡಿಗಳು ಇನ್ನೂ ಇತ್ಯರ್ಥವಾಗದಿರುವಾಗ, ಒಂದು ಇನ್ನೊಂದನ್ನು ರೆಂಬೆರೆಂಬೆಗೆ ಅಟ್ಟಿಸಿಕೊಂಡು ಹೋಗುವುದನ್ನು ಅಕ್ಟೋಬರ್‌ನಲ್ಲಿ ನೋಡಬಹುದು. ಒಮ್ಮೆ ಗಡಿ ನಿಶ್ಚಯವಾದ ಮೇಲೆ ಮೈಮೇಲೆ ಬೀಳುವ ಜಗಳ ಕಡಿಮೆಯಾಗಿ, ಕೂಗೇ ಬೇಲಿಯ ಕೆಲಸ ಮಾಡುತ್ತದೆ.

ಇಷ್ಟು ಶ್ರಮಪಟ್ಟು ಕಾಯುವುದೇಕೆ ಎಂದರೆ, ಅದರ ಆಹಾರದ ಸ್ವರೂಪ ಅಂಥದ್ದು. ಎಲೆಯ ಅಡಿಯಲ್ಲಿರುವ ಸಣ್ಣ ಕಂಬಳಿಹುಳು, ಸಸ್ಯಹೇನು, ಚಿಕ್ಕ ಜೀರುಂಡೆ, ಜೇಡ, ಇವುಗಳ ಮೊಟ್ಟೆ ಮತ್ತು ಮರಿಗಳು ಇದರ ಊಟ. ಹಣ್ಣಾದ ಆಲದ ಮರದಂತೆ ಒಂದೇ ಕಡೆ ರಾಶಿ ಬೀಳುವ ಆಹಾರವಾಗಿದ್ದರೆ ಹತ್ತಾರು ಹಕ್ಕಿಗಳು ಒಟ್ಟಿಗೆ ಬಂದು ತಿಂದು ಹೋಗಬಹುದಿತ್ತು. ಆಲದ ಮರವನ್ನು ಒಂದು ಹಕ್ಕಿ ಕಾಯಲೂ ಆಗದು, ಕಾಯುವ ಅಗತ್ಯವೂ ಇರದು. ಆದರೆ ಎಲೆಗೊಂದು ಎರಡರಂತೆ ಚದುರಿ ಹೋಗಿರುವ, ಇವತ್ತು ಹೆಕ್ಕಿದರೆ ಮತ್ತೆ ತುಂಬಿಕೊಳ್ಳಲು ದಿನಗಳು ಬೇಕಾದ ಆಹಾರವನ್ನು ಹಂಚಿಕೊಂಡರೆ ಇಬ್ಬರಿಗೂ ಸಾಲುವುದಿಲ್ಲ. ತನ್ನ ಮರಗಳ ಯಾವ ರೆಂಬೆಯನ್ನು ಯಾವಾಗ ಜಾಲಾಡಿದ್ದೇನೆ ಎಂಬುದು ಒಬ್ಬನಿಗೇ ಗೊತ್ತಿದ್ದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಇದರ ಚಳಿಗಾಲದ ಜೀವನವನ್ನು ಟ್ರೆವರ್ ಪ್ರೈಸ್ ಎಂಬ ವಿಜ್ಞಾನಿ ಪೂರ್ವಘಟ್ಟಗಳಲ್ಲಿ ಅಧ್ಯಯನ ಮಾಡಿ 1981ರಲ್ಲಿ ಪ್ರಕಟಿಸಿದರು. ಮುಂದೆ 1990ರ ದಶಕದಲ್ಲಿ ಮಧುಸೂದನ ಕಟ್ಟಿ ಅವರು ಪ್ರೈಸ್ ಅವರೊಡನೆ ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ ಇವೇ ಹಕ್ಕಿಗಳ ಹಿಂದೆ ಬಿದ್ದು, ಮಳೆ, ಎಲೆಯ ಮೇಲಿನ ಹುಳುಗಳ ಪ್ರಮಾಣ ಹಾಗೂ ಹಕ್ಕಿಯ ಮೈಯ ಕೊಬ್ಬು ಇವುಗಳ ಸಂಬಂಧವನ್ನು ಪರಿಶೀಲಿಸಿದರು.

ಅದೇ ಹಕ್ಕಿಯೇ ಎಂಬ ಪ್ರಶ್ನೆಗೆ ಉತ್ತರ: ಬದುಕಿ ಉಳಿದಿದ್ದರೆ ಅದೇ. ಕಾಲಿಗೆ ಬಣ್ಣದ ಉಂಗುರ ತೊಡಿಸಿ ನೋಡಿದಾಗ, ಹಿಂದಿನ ಚಳಿಗಾಲದಲ್ಲಿ ಕಾಯ್ದ ಮರಗಳಿಗೇ ಮರಳಿ ಬರುವುದು ಕಂಡುಬಂದಿದೆ. ಆದರೆ ಈ ಗಾತ್ರದ ಹಾಡುಹಕ್ಕಿಗಳಲ್ಲಿ ವರ್ಷವೊಂದಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಸಾಯುತ್ತವೆ. ಆದ್ದರಿಂದ ಎಂಟು ವರ್ಷ ಒಂದೇ ಹಕ್ಕಿ ಬಂದಿರುವುದು ಬಹಳ ಅಪರೂಪದ ಮಾತು. ಖಾಲಿಯಾದ ಒಳ್ಳೆಯ ಜಾಗವನ್ನು ಇನ್ನೊಂದು ಹಕ್ಕಿ ಬೇಗನೆ ಹಿಡಿಯುತ್ತದೆ. ಮರ ಅದೇ, ಕೂಗೂ ಅದೇ, ಆದರೆ ಒಡೆತನ ಈ ಎಂಟು ವರ್ಷಗಳಲ್ಲಿ ಮೂರು ನಾಲ್ಕು ಸಲವಾದರೂ ಕೈಬದಲಾಗಿರಬೇಕು.


ಮರುಪ್ರಶ್ನೆ — ನೇರಳೆಮರ

ತಮ್ಮ ಉತ್ತರದಿಂದ ಒಂದು ನಂಬಿಕೆ ಬಿದ್ದುಹೋಯಿತು, ಬೇಸರವೇನಿಲ್ಲ. ಆದರೆ ಅದರಿಂದಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಹಳೆಯ ಹಕ್ಕಿ ತನಗೆ ಗೊತ್ತಿರುವ ಮರಕ್ಕೆ ಮರಳುತ್ತದೆ ಎಂದರೆ ಒಪ್ಪಬಹುದು. ಮೊದಲ ಸಲ ಬರುವ ಮರಿಹಕ್ಕಿಗೆ ದಾರಿ ತೋರಿಸುವವರು ಯಾರು? ತಂದೆತಾಯಿಯ ಜೊತೆಯಲ್ಲಿ ಬರುತ್ತದೆಯೇ? ಹತ್ತು ರೂಪಾಯಿಯ ನಾಣ್ಯದಷ್ಟು ತೂಗುವ ಜೀವ ಎಷ್ಟು ದೂರದಿಂದ, ಏನನ್ನು ನಂಬಿಕೊಂಡು ಹೊರಡುತ್ತದೆ?


ಉತ್ತರ — ಇರುಳುಪಯಣಿಗ

ಜೊತೆಯಲ್ಲಿ ಬರುವುದಿಲ್ಲ. ಕೊಕ್ಕರೆ, ಬಾತುಗಳಂಥ ದೊಡ್ಡ ಹಕ್ಕಿಗಳಲ್ಲಿ ಮರಿಗಳು ಹಿರಿಯರ ಹಿಂಡಿನೊಡನೆ ಹಾರಿ ದಾರಿ ಕಲಿಯುತ್ತವೆ. ಅದನ್ನೇ ನಾವು ಎಲ್ಲ ವಲಸೆ ಹಕ್ಕಿಗಳಿಗೂ ಅನ್ವಯಿಸಿಬಿಡುತ್ತೇವೆ. ಉಲಿಯಕ್ಕಿಗಳದು ಒಂಟಿ ಪಯಣ, ಅದೂ ಬಹುಪಾಲು ರಾತ್ರಿಯ ಹೊತ್ತು. ಹಗಲು ಮೇಯುವುದು, ಕತ್ತಲಾದ ಮೇಲೆ ಏಳುವುದು. ರಾತ್ರಿ ಗಾಳಿ ತಂಪಾಗಿಯೂ ನಿಶ್ಚಲವಾಗಿಯೂ ಇರುವುದರಿಂದ ಮೈ ಕಾಯುವುದು ಮತ್ತು ನೀರು ಕಳೆದುಕೊಳ್ಳುವುದು ಕಡಿಮೆ. ಡೇಗೆ, ಬಿಜ್ಜುಗಳ ಕಾಟವೂ ಕಡಿಮೆ.

ದೂರವನ್ನು ತಾವೇ ಅಂದಾಜು ಮಾಡಬಹುದು. ಈ ಹಕ್ಕಿಯ ಪಶ್ಚಿಮದ ಉಪಜಾತಿಯಾದ ವಿರಿಡಾನಸ್ ಪೂರ್ವ ಯೂರೋಪಿನಿಂದ ಪಶ್ಚಿಮ ಸೈಬೀರಿಯದವರೆಗಿನ ಕಾಡುಗಳಲ್ಲಿ ಮರಿ ಮಾಡುತ್ತದೆ. ದಕ್ಷಿಣ ಭಾರತಕ್ಕೆ ಬರುವವುಗಳಲ್ಲಿ ಇದರದೇ ದೊಡ್ಡ ಪಾಲು. ಉತ್ತರ ಅಕ್ಷಾಂಶ 55 ಡಿಗ್ರಿಯ ಸುಮಾರಿನಲ್ಲಿರುವ ನೊವೊಸಿಬಿರ್ಸ್ಕ್ ಕಡೆಯ ಕಾಡಿನಿಂದ 13 ಡಿಗ್ರಿಯ ಸಹ್ಯಾದ್ರಿಗೆ ಗೆರೆ ಎಳೆದರೆ 42 ಡಿಗ್ರಿಗಳಾಗುತ್ತವೆ. ಡಿಗ್ರಿಗೆ 111 ಕಿಲೋಮೀಟರ್‌ನಂತೆ ನೇರ ದಾರಿಯೇ 4,600 ಕಿಲೋಮೀಟರ್ ದಾಟುತ್ತದೆ. ಆ ನೇರ ಗೆರೆ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹಾದುಹೋಗುತ್ತದೆ, ಅಲ್ಲಿ ಮರಗಳಿಲ್ಲ, ಎಲೆಗಳಿಲ್ಲ, ಆದ್ದರಿಂದ ಊಟವೂ ಇಲ್ಲ. ಹಾಗಾಗಿ ಇವು ಪ್ರಸ್ಥಭೂಮಿಯ ಪಶ್ಚಿಮಕ್ಕೆ ಸರಿದು ಮಧ್ಯ ಏಷ್ಯಾದ ಮೂಲಕ ಬಳಸಿಕೊಂಡು ಬರುತ್ತವೆ. ದಾರಿ ಇನ್ನಷ್ಟು ಉದ್ದವಾಗುತ್ತದೆ. ಹೋಗಿ ಬರುವುದನ್ನು ಸೇರಿಸಿದರೆ ವರ್ಷಕ್ಕೆ ಸುಮಾರು ಹತ್ತು ಸಾವಿರ ಕಿಲೋಮೀಟರ್ ಎಂದಾಯಿತು.

ಇದಕ್ಕೆ ಬೇಕಾದ ಇಂಧನ ಕೊಬ್ಬು. ಒಂದು ಗ್ರಾಂ ಕೊಬ್ಬಿನಿಂದ ಸಿಗುವ ಶಕ್ತಿ ಸುಮಾರು 9 ಕಿಲೋಕ್ಯಾಲರಿ, ಅಷ್ಟೇ ತೂಕದ ಪಿಷ್ಟದಿಂದ ಸಿಗುವುದರ ಎರಡು ಪಟ್ಟಿಗಿಂತ ಹೆಚ್ಚು. ಮೇಲಾಗಿ ದೇಹದಲ್ಲಿ ಪಿಷ್ಟವನ್ನು ಕೂಡಿಡಲು ಅದರ ಜೊತೆಗೆ ನೀರನ್ನೂ ಹೊರಬೇಕು. ಕೊಬ್ಬಿಗೆ ಆ ಹೊರೆಯಿಲ್ಲ, ಅದು ಉರಿದಾಗ ನೀರು ಹುಟ್ಟುವುದು ಇನ್ನೊಂದು ಲಾಭ. ಉಂಗುರ ತೊಡಿಸುವವರು ಹಕ್ಕಿಯನ್ನು ಅಂಗಾತ ಹಿಡಿದು ಎದೆಯ ಗರಿಗಳನ್ನು ಮೆಲ್ಲನೆ ಊದಿದರೆ, ಕತ್ತಿನ ಬುಡದ ಗುಳಿಯಲ್ಲಿ ಮತ್ತು ಹೊಟ್ಟೆಯ ಮೇಲೆ ತೆಳುಚರ್ಮದಡಿ ಹಳದಿ ಕೊಬ್ಬು ಕಾಣಿಸುತ್ತದೆ. ಹೊರಡುವ ದಿನಗಳು ಹತ್ತಿರವಾದಂತೆ ಹಕ್ಕಿಗೆ ಹಸಿವು ಹೆಚ್ಚಿ ಈ ಗುಳಿ ತುಂಬಿಕೊಳ್ಳುತ್ತದೆ. ಪಂಜರದಲ್ಲಿಟ್ಟ ಹಕ್ಕಿಗಳು ಸಹ ವಲಸೆಯ ಕಾಲ ಬಂದಾಗ ರಾತ್ರಿಯಿಡೀ ಚಡಪಡಿಸುತ್ತ, ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ಎಗರುತ್ತವೆ.

ಆ ದಿಕ್ಕು ಎಲ್ಲಿಂದ ಬಂತು ಎಂಬುದೇ ತಮ್ಮ ಪ್ರಶ್ನೆಯ ತಿರುಳು. ಇದನ್ನು ತೋರಿಸಿಕೊಟ್ಟ ಪ್ರಯೋಗಗಳು ಬೇರೆ ಹಕ್ಕಿಗಳ ಮೇಲೆ ನಡೆದವು. ಡಚ್ ವಿಜ್ಞಾನಿ ಪರ್ಡೆಕ್ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಲಸೆಯ ನಡುವೆ ನೆದರ್ಲೆಂಡ್ಸ್‌ನಲ್ಲಿ ಹಿಡಿದ 11,000ಕ್ಕೂ ಹೆಚ್ಚು ಕಬ್ಬಕ್ಕಿಗಳಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಲಾಯಿತು. ಹಿಂದೊಮ್ಮೆ ಪಯಣಿಸಿದ್ದ ಹಿರಿಯ ಹಕ್ಕಿಗಳು ತಾವು ಜಾಗ ತಪ್ಪಿರುವುದನ್ನು ಗ್ರಹಿಸಿ ದಿಕ್ಕು ತಿದ್ದಿಕೊಂಡು ತಮ್ಮ ಹಳೆಯ ಚಳಿಗಾಲದ ನೆಲೆಯತ್ತ ಹಾರಿದವು. ಆ ವರ್ಷ ಹುಟ್ಟಿದವು ಮಾತ್ರ ಏನೂ ಆಗದವರಂತೆ ಮೊದಲಿನ ದಿಕ್ಕನ್ನೇ ಹಿಡಿದು ಹಾರಿ, ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನ್ ಸೇರಿದವು. ಮರಿಗೆ ಗೊತ್ತಿರುವುದು ಜಾಗವಲ್ಲ. ‘ಈ ದಿಕ್ಕಿಗೆ, ಇಷ್ಟು ದಿನ’ ಎಂಬ ಹುಟ್ಟಿನಿಂದ ಬಂದ ನಿರ್ದೇಶನ ಮಾತ್ರ. ಜಾಗದ ನೆನಪು ಮೊದಲ ಪಯಣದ ಗಳಿಕೆ. ತಮ್ಮ ಹಲಸಿನ ಮರಕ್ಕೆ ಮರಳುವ ಹಕ್ಕಿಗೂ ಅಲ್ಲಿಗೆ ಮೊದಲ ಸಲ ಬಂದಿಳಿಯುವ ಹಕ್ಕಿಗೂ ಇರುವ ವ್ಯತ್ಯಾಸ ಇದೇ.

ದಿಕ್ಕು ಗುರುತಿಸಲು ಇವಕ್ಕೆ ಒಂದಕ್ಕಿಂತ ಹೆಚ್ಚು ಸಾಧನಗಳಿವೆ. ಸ್ಟೀಫನ್ ಎಮ್ಲೆನ್ 1967ರಲ್ಲಿ ತಾರಾಲಯದೊಳಗೆ ಇಂಡಿಗೊ ಬಂಟಿಂಗ್ ಹಕ್ಕಿಗಳನ್ನಿಟ್ಟು, ಅವು ಧ್ರುವದ ಸುತ್ತಲಿನ ನಕ್ಷತ್ರಗಳನ್ನು ಆಧರಿಸಿ ದಿಕ್ಕು ಹಿಡಿಯುತ್ತವೆ ಎಂದು ತೋರಿಸಿದರು. ವಿಲ್ಚ್ಕೊ ದಂಪತಿ 1972ರಲ್ಲಿ ಯೂರೋಪಿನ ರಾಬಿನ್ ಹಕ್ಕಿಗೆ ಭೂಮಿಯ ಕಾಂತಕ್ಷೇತ್ರ ತಿಳಿಯುತ್ತದೆ ಎಂಬುದನ್ನು ವಿವರವಾಗಿ ಪ್ರಕಟಿಸಿದರು. ವಿಶೇಷವೆಂದರೆ ಆ ಹಕ್ಕಿಗೆ ನಮ್ಮ ದಿಕ್ಸೂಚಿಯಂತೆ ಉತ್ತರ ದಕ್ಷಿಣ ತಿಳಿಯುವುದಿಲ್ಲ. ಕಾಂತರೇಖೆಗಳು ನೆಲಕ್ಕೆ ಎಷ್ಟು ಓರೆಯಾಗಿವೆ ಎಂಬುದರಿಂದ ಧ್ರುವದ ಕಡೆ ಯಾವುದು, ಸಮಭಾಜಕದ ಕಡೆ ಯಾವುದು ಎಂಬುದಷ್ಟೇ ತಿಳಿಯುತ್ತದೆ.

ಈ ಪುಟ್ಟ ಹಕ್ಕಿಗೇ ಒಂದು ಯಂತ್ರ ಕಟ್ಟಿ ದಾರಿ ಬರೆದುಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಹಕ್ಕಿಯ ತೂಕದ ನೂರಕ್ಕೆ ಮೂರರಿಂದ ಐದು ಭಾಗಕ್ಕಿಂತ ಹೆಚ್ಚು ಭಾರ ಕಟ್ಟಬಾರದೆಂಬುದು ಸಂಶೋಧಕರು ಪಾಲಿಸುವ ಕಟ್ಟಳೆ. 8 ಗ್ರಾಂ ಹಕ್ಕಿಗೆ ನೂರಕ್ಕೆ ಮೂರು ಎಂದರೆ ಕಾಲು ಗ್ರಾಂಗಿಂತ ಕಡಿಮೆ. ಬ್ಯಾಟರಿ, ಪಟ್ಟಿ, ಅಂಟು ಎಲ್ಲವೂ ಆ ಕಾಲು ಗ್ರಾಂನೊಳಗೆ ಇರಬೇಕು!


ಉತ್ತರ — ಕಣಿವೆದನಿ

ಇರುಳುಪಯಣಿಗರು ಟಿಬೆಟ್ ಪ್ರಸ್ಥಭೂಮಿಯನ್ನು ಬಳಸಿ ಬರುವ ಮಾತನ್ನು ಹೇಳಿ ಮುಂದಕ್ಕೆ ಹೋದರು. ಈ ಹಕ್ಕಿಯ ಬಗ್ಗೆ ಹೇಳಬೇಕಾದ ಅತ್ಯಂತ ಕುತೂಹಲದ ಸಂಗತಿ ಆ ಬಳಸುದಾರಿಯಲ್ಲೇ ಅಡಗಿದೆ ಎಂದು ನನ್ನ ಅಭಿಪ್ರಾಯ.

ಹಿಮಾಲಯದಲ್ಲಿ ಗೂಡು ಕಟ್ಟುವ ಗ್ರೀನಿಷ್ ವಾರ್ಬ್ಲರ್‌ಗಳಿಂದ ಹೊರಟು ಪ್ರಸ್ಥಭೂಮಿಯ ಪಶ್ಚಿಮದ ಅಂಚು ಹಿಡಿದು ಉತ್ತರಕ್ಕೆ ಸಾಗಿದರೆ, ಅಕ್ಕಪಕ್ಕದ ಹಕ್ಕಿಗಳಲ್ಲಿ ವ್ಯತ್ಯಾಸ ಅತ್ಯಲ್ಪ. ಹಾಗೆಯೇ ಸಾಗುತ್ತ ಸೈಬೀರಿಯದ ವಿರಿಡಾನಸ್ ತಲುಪುತ್ತೇವೆ. ಅದೇ ಹಿಮಾಲಯದಿಂದ ಪೂರ್ವದ ಅಂಚು ಹಿಡಿದು ಚೀನಾದ ಮೂಲಕ ಏರಿದರೆ, ಅಲ್ಲಿಯೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತ, ರೆಕ್ಕೆಯಲ್ಲಿ ಎರಡು ಪಟ್ಟಿಗಳಿರುವ ಪ್ಲಂಬಿಟಾರ್ಸಸ್ ಎಂಬ ರೂಪ ತಲುಪುತ್ತೇವೆ. ಈ ಎರಡು ತುದಿಗಳು ಮಧ್ಯ ಸೈಬೀರಿಯದ ಕಾಡುಗಳಲ್ಲಿ ಮುಖಾಮುಖಿಯಾಗುತ್ತವೆ, ಮತ್ತು ಅಲ್ಲಿ ಪರಸ್ಪರ ಅಪರಿಚಿತರಂತೆ ವರ್ತಿಸುತ್ತವೆ. ಒಂದರ ಹಾಡಿನ ಧ್ವನಿಮುದ್ರಣ ಕೇಳಿಸಿದರೆ ಇನ್ನೊಂದರ ಗಂಡು ಜಗಳಕ್ಕೇ ಬರುವುದಿಲ್ಲ. ಅದು ತನ್ನ ಜಾತಿಯ ಹಾಡೆಂದು ಅದಕ್ಕೆ ಅನ್ನಿಸುವುದೇ ಇಲ್ಲ. ಹಿಮಾಲಯದಿಂದ ಉತ್ತರಕ್ಕೆ ಹೋದಂತೆ ಎರಡೂ ಬದಿಗಳಲ್ಲಿ ಹಾಡು ಉದ್ದವೂ ಜಟಿಲವೂ ಆಗುತ್ತದೆ, ಆದರೆ ಜಟಿಲವಾಗುವ ಬಗೆ ಬೇರೆ ಬೇರೆ. ಪ್ರಸ್ಥಭೂಮಿಯನ್ನು ಉಂಗುರದಂತೆ ಸುತ್ತುವರಿದ ಈ ಹಕ್ಕಿಸರಣಿಯ ಕಲ್ಪನೆಯನ್ನು ಟೈಸ್‌ಹರ್ಸ್ಟ್ 1938ರಲ್ಲಿಯೇ ಮುಂದಿಟ್ಟಿದ್ದರು. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001 ಮತ್ತು 2005ರಲ್ಲಿ ಹಾಡು ಹಾಗೂ ವಂಶವಾಹಿಗಳ ಆಧಾರದಿಂದ ಅದಕ್ಕೆ ಬಲ ತಂದರು. ಆದರೆ 2014ರಲ್ಲಿ ಇಡೀ ಜೀನೋಮನ್ನು ಪರಿಶೀಲಿಸಿದಾಗ ಚಿತ್ರ ಅಷ್ಟು ನುಣುಪಾಗಿ ಉಳಿಯಲಿಲ್ಲ. ಉಂಗುರದ ಉದ್ದಕ್ಕೂ ವಂಶವಾಹಿಗಳ ಹರಿವು ಹಿಂದೆ ಕೆಲವು ಕಡೆ ಕಡಿದುಹೋಗಿತ್ತೆಂದೂ, ಸೈಬೀರಿಯದ ಎರಡು ತುದಿಗಳ ನಡುವೆ ಅಷ್ಟಿಷ್ಟು ಬೆರಕೆ ನಡೆದಿದೆಯೆಂದೂ ಕಂಡಿತು. ಪಠ್ಯಗಳಲ್ಲಿ ಇಂದಿಗೂ ಇದನ್ನು ಕಳಂಕವಿಲ್ಲದ ಉದಾಹರಣೆಯಂತೆ ಹೇಳುವುದನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಕೊಂಚ ಮುಕ್ಕಾದ ಉಂಗುರವೇ ಹೆಚ್ಚು ಕಲಿಸುತ್ತದೆ.

ವಲಸೆಗೂ ಇದಕ್ಕೂ ಏನು ಸಂಬಂಧವೆಂದರೆ, ಸೈಬೀರಿಯದಲ್ಲಿ ಒಂದೇ ಕಾಡಿನಲ್ಲಿ ಗೂಡು ಕಟ್ಟುವ ಈ ಇಬ್ಬರು ಆಗಸ್ಟ್‌ನಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಒಬ್ಬರು ಪ್ರಸ್ಥಭೂಮಿಯ ಪಶ್ಚಿಮದಿಂದ ಭಾರತಕ್ಕೆ, ಇನ್ನೊಬ್ಬರು ಪೂರ್ವದಿಂದ ಆಗ್ನೇಯ ಏಷ್ಯಾಕ್ಕೆ. ಇವೆರಡರ ಬೆರಕೆಮರಿ ಹುಟ್ಟಿದರೆ ಅದು ಯಾವ ದಿಕ್ಕಿಗೆ ಹಾರಬೇಕು? ಆಂಡ್ರಿಯಾಸ್ ಹೆಲ್ಬಿಗ್ 1991ರಲ್ಲಿ ಬ್ಲ್ಯಾಕ್‌ಕ್ಯಾಪ್ ಎಂಬ ಇನ್ನೊಂದು ಉಲಿಯಕ್ಕಿಯಲ್ಲಿ, ನೈಋತ್ಯಕ್ಕೆ ಹೋಗುವವುಗಳನ್ನೂ ಆಗ್ನೇಯಕ್ಕೆ ಹೋಗುವವುಗಳನ್ನೂ ಕೂಡಿಸಿ ಮರಿ ಮಾಡಿಸಿದಾಗ, ಮರಿಗಳು ಎರಡರ ನಡುವಿನ ದಿಕ್ಕನ್ನು ಹಿಡಿದವು. ನಮ್ಮ ಹಕ್ಕಿಯಲ್ಲಿ ಹಾಗಾದರೆ ನಡುವಿನ ದಿಕ್ಕು ಎಂದರೆ ನೇರವಾಗಿ ಟಿಬೆಟ್ ಪ್ರಸ್ಥಭೂಮಿ. ಎರಡು ರೂಪಗಳು ಬಹುಮಟ್ಟಿಗೆ ಬೆರೆಯದೆ ಉಳಿದಿರುವುದಕ್ಕೆ ಹಾಡಿನ ಜೊತೆಗೆ ಈ ದಾರಿಯ ಅಪಾಯವೂ ಒಂದು ಕಾರಣವಿರಬಹುದೆಂಬ ವಾದವಿದೆ, ಮತ್ತು ನನಗೆ ಅದು ಬಹಳ ಹಿಡಿಸುತ್ತದೆ.


ಉತ್ತರ — ಹಳೆಗರಿ

ಇದುವರೆಗಿನ ಉತ್ತರಗಳಿಗೆ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಗುರುತಿನ ಬಗ್ಗೆ. ಪಶ್ಚಿಮಘಟ್ಟಗಳಲ್ಲಿ ಇದೇ ಕಾಲದಲ್ಲಿ ಕಾಕಸಸ್ ಪರ್ವತಗಳ ಕಡೆಯಿಂದ ಬರುವ ಗ್ರೀನ್ ವಾರ್ಬ್ಲರ್ ಕೂಡ ಇರುತ್ತದೆ. ಅದರ ಹುಬ್ಬು, ಗಂಟಲು, ಎದೆಗಳಲ್ಲಿ ಹಳದಿ ಛಾಯೆ ಹೆಚ್ಚು. ಕೂಗು ಬಹುಮಟ್ಟಿಗೆ ಮೂರು ತುಂಡಿನದು. ನೆತ್ತಿಯ ನಡುವೆ ತಿಳಿಗೆರೆ ಕಂಡರೆ ಅದು ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್. ತಾವು ಇನ್ನೊಮ್ಮೆ ಕೂಗಿನ ತುಂಡುಗಳನ್ನು ಎಣಿಸಿ ನೋಡುವುದು ಒಳ್ಳೆಯದು.

ಎರಡನೆಯದು, ಇಂಥ ಹಕ್ಕಿಗಳನ್ನು ‘ಚಳಿಗಾಲದ ಅತಿಥಿ’ ಎಂದು ಬರೆಯುವ ಅಭ್ಯಾಸದ ಬಗ್ಗೆ. ಇಲ್ಲಿ ಯಾರೂ ಹಾಗೆ ಬರೆದಿಲ್ಲವಾದರೂ ಪತ್ರಿಕೆಗಳಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಅದು ತಪ್ಪದೆ ಕಾಣಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಉತ್ತರದ ಕಾಡಿಗೆ ಇದು ತಲುಪುವುದೇ ಮೇ ಕೊನೆಗೆ ಅಥವಾ ಜೂನ್‌ನಲ್ಲಿ. ಅಲ್ಲಿನ ಬಹಳಷ್ಟು ವಲಸೆ ಹಕ್ಕಿಗಳಿಗಿಂತ ತಡವಾಗಿ ಬರುವ ಹಕ್ಕಿ ಇದು. ನೆಲದ ಮೇಲೋ ದಿಬ್ಬದ ಸಂದಿಯಲ್ಲೋ ಪಾಚಿ ಮತ್ತು ಹುಲ್ಲಿನಿಂದ ಹೆಣ್ಣು ಚಾವಣಿಯುಳ್ಳ ಗೂಡು ಕಟ್ಟುತ್ತದೆ. ವರ್ಷದ ಉಳಿದೆಲ್ಲ ದಿನ ಮರದ ತುದಿಯಲ್ಲಿರುವ ಹಕ್ಕಿ ಗೂಡಿಗೆ ಮಾತ್ರ ನೆಲಕ್ಕಿಳಿಯುವುದು ಸೋಜಿಗ. ನಾಲ್ಕರಿಂದ ಆರು ಅಚ್ಚಬಿಳಿ ಮೊಟ್ಟೆಗಳು, ಸುಮಾರು ಎರಡು ವಾರ ಕಾವು, ಇನ್ನೆರಡು ವಾರದಲ್ಲಿ ಮರಿಗಳು ಗೂಡಿನಿಂದ ಹೊರಗೆ. ಆಗಸ್ಟ್‌ನಲ್ಲಿ ಮರಳಿ ಹೊರಟೇಬಿಡುತ್ತದೆ. ಅಲ್ಲಿ ಹೆಚ್ಚೆಂದರೆ ಮೂರು ತಿಂಗಳು, ದಾರಿಯಲ್ಲಿ ಎರಡು, ನಮ್ಮಲ್ಲಿ ಏಳು. ಏಳು ತಿಂಗಳು ಇದ್ದು, ಗಡಿ ಹಾಕಿ, ಅದಕ್ಕಾಗಿ ಜಗಳವಾಡಿ, ಮುಂದಿನ ವರ್ಷ ಅದೇ ಮರಕ್ಕೆ ಮರಳುವವರನ್ನು ಯಾರೂ ಅತಿಥಿ ಎನ್ನುವುದಿಲ್ಲ.

ಗರಿ ಬದಲಿಸುವುದೂ ಇಲ್ಲಿಯೇ. ಗೂಡಿನ ಕೆಲಸ ಮುಗಿದ ಮೇಲೆ ಅಲ್ಲಿ ಮೈಗರಿಗಳನ್ನು ಅಷ್ಟಿಷ್ಟು ಬದಲಿಸುತ್ತದೆ. ರೆಕ್ಕೆ ಬಾಲಗಳ ಹಾರುವ ಗರಿಗಳನ್ನು ಪೂರ್ತಿಯಾಗಿ ಬದಲಿಸುವುದು ಚಳಿಗಾಲದ ನೆಲೆಯಲ್ಲಿ, ಹೊರಡುವ ಮುನ್ನ. ಗರಿ ಎಂದರೆ ಪ್ರೋಟೀನು, ಪ್ರೋಟೀನು ಎಂದರೆ ಹುಳು. ಅಂದರೆ ಸೈಬೀರಿಯದತ್ತ ಹಾರುವ ರೆಕ್ಕೆ ನಮ್ಮ ಎಲೆಗಳ ಮೇಲಿನ ಕಂಬಳಿಹುಳುಗಳಿಂದಲೇ ನೇಯಲ್ಪಟ್ಟದ್ದು. ತೋಟದ ಮರಗಳಿಗೆ ಕೀಟನಾಶಕ ಹೊಡೆಯುವಾಗ ‘ಈ ಹಕ್ಕಿ ಇಲ್ಲಿ ಮರಿ ಮಾಡುವುದಿಲ್ಲವಲ್ಲ’ ಎಂಬ ಸಮಾಧಾನ ಸಲ್ಲುವುದಿಲ್ಲ. ಏಪ್ರಿಲ್ ಹತ್ತಿರವಾದಾಗ ಗಮನವಿಟ್ಟು ಕೇಳಿ. ಹೊರಡುವ ಮೊದಲು ಕೆಲವು ಹಕ್ಕಿಗಳು ‘ಚೀ-ಸ್ವೀ’ ಬಿಟ್ಟು ನಿಜವಾದ ಹಾಡನ್ನೇ ಹಾಡತೊಡಗುತ್ತವೆ.


ಮರಳಿ — ನೇರಳೆಮರ

ಎಲ್ಲರಿಗೂ ಕೃತಜ್ಞತೆಗಳು. ಹಳೆಗರಿಯವರು ಹೇಳಿದಂತೆ ಮೂರು ಬೆಳಿಗ್ಗೆ ಕೂತು ಕೂಗನ್ನು ಎಣಿಸಿದೆ. ಎರಡೇ ತುಂಡು; ಎದೆಯಲ್ಲಿ ಹಳದಿಯೂ ಕಾಣಲಿಲ್ಲ.

ಎಲೆಮರೆಯವರ ಮಾತಿನ ಮೇಲೆ ಇನ್ನೊಂದನ್ನೂ ಗಮನಿಸಿದೆ. ನಮ್ಮ ಹಕ್ಕಿ ನೇರಳೆ ಮರದ ಪೂರ್ವದ ರೆಂಬೆಗೆ ಬಂದು ಕೂಗಿದಾಗಲೆಲ್ಲ ಬೇಲಿಯಾಚೆಯ ಮಾವಿನ ಮರದಿಂದ ಇನ್ನೊಂದು ‘ಚೀ-ಸ್ವೀ’ ಬರುತ್ತದೆ. ಇಷ್ಟು ವರ್ಷ ನಾನು ಎರಡನ್ನೂ ಒಂದೇ ಹಕ್ಕಿಯ ದನಿ ಎಂದುಕೊಂಡಿದ್ದೆ. ನಿನ್ನೆ ಅದು ಮಾವಿನ ಕಡೆಗೆ ಎರಡು ಮಾರು ಮುಂದೆ ಹೋಯಿತು. ಅಲ್ಲಿಂದ ಒಂದು ಹಕ್ಕಿ ನೇರವಾಗಿ ಎದ್ದು ಬಂತು, ಎರಡೂ ಸುತ್ತಿಕೊಂಡು ಬಿದಿರಿನ ಮೆಳೆಯ ತನಕ ಹಾರಿದವು, ಅರೆನಿಮಿಷದೊಳಗೆ ನಮ್ಮದು ನೇರಳೆಗೆ ವಾಪಸಾಗಿ ಎಲೆ ಹುಡುಕತೊಡಗಿತು. ಗಡಿ ಇರುವುದು ಬೇಲಿಯ ಮೇಲಲ್ಲ, ಅದರಿಂದ ಸ್ವಲ್ಪ ಈಚೆಗೆ, ನೇರಳೆಯ ಕೊನೆಯ ರೆಂಬೆಯಲ್ಲಿ.